ಹಾರ್ಡ್ಲಿ ಮೇಷ್ಟ್ರ ಮಗಳು

ಅಪ್ಪ ಅಟ್ಟ ಹತ್ತಿ ಒಬ್ಬನೇ ಮಾತಾಡಲು ಶುರುಮಾಡಿದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮದರಲ್ಲೂ ಅಡುಗೆಮನೆಗಿಂತ ಅಟ್ಟವೇ ದೊಡ್ಡದು. ತೋಟದ ಕಾಯಿಗಳನ್ನು ಅಲ್ಲಿ ಹರವಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗುವ ತನಕ ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ಬಿಡುತ್ತಿದ್ದರು. ಅಟ್ಟದ ದಬ್ಬೆಗಳ ಸಂದಿಯಿಂದ ಸದಾ ನಾರಿನ ಪುಡಿ ಉದುರುತ್ತಿತ್ತು. ಉಣ್ಣುವಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದು ನಮಗೆಲ್ಲ ರೂಢಿ. ಸಂಜೆ ಶಾಲೆಯಿಂದ ಬಂದವನೇ ಅಪ್ಪ ಮುಖ ತೊಳೆದು, ಕಾಫಿ ಕುಡಿದು, ಏಣಿ ಹತ್ತುತ್ತಿದ್ದ. ಅಮ್ಮ ಕೆಳಗೆ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಮೇಲಿನಿಂದ ಅವನ ದನಿ ಬರುತ್ತಿತ್ತು. ಗುಡ್ ಮಾರ್ನಿಂಗ್ ಚಿಲ್ಡ್ರನ್. ಸಿಟ್ ಡೌನ್. ಬಿ ಕ್ವೈಟ್. ಮತ್ತೆ ಮೊದಲಿಂದ, ಗುಡ್ ಮಾರ್ನಿಂಗ್ ಚಿಲ್ಡ್ರನ್. ಸುಮ್ಮನಿರಿ ಅನ್ನುವುದಕ್ಕೆ ಕ್ವಯಟ್ ಅನ್ನಬೇಕು, ಕ್ವೈಟ್ ಅಂದರೆ ಅರ್ಥವೇ ಬೇರೆ ಎಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅಜ್ಜಿ ತಲೆ ಎತ್ತಿ ಕೇಳಿದಳು.

"ಇವ್ನು ಯಾರ್ನ ಬೈತಾವ್ನೆ ಮೇಲೆ?"

"ಯಾರ್ನೂ ಬೈತಿಲ್ಲ ಅತ್ತೆ. ಇಂಗ್ಲಿಷ್ ಕಲೀತಾವ್ರೆ," ಅಂದಳು ಅಮ್ಮ.

"ಕಾಯಿ ಜೊತೇಲಾ?"

ಅಮ್ಮ ನಗಲಿಲ್ಲ. ಅವಳಿಗೆ ಆಗಲೇ ಹೆದರಿಕೆ ಶುರುವಾಗಿತ್ತು ಅಂತ ಈಗ ಅನ್ನಿಸುತ್ತದೆ.

ಅಪ್ಪ ನಮ್ಮೂರ ಪ್ರೈಮರಿ ಶಾಲೆಯ ಮೇಷ್ಟ್ರು. ಕಿಬ್ಬನಹಳ್ಳಿ ಕಡೆಯಿಂದ ಒಳಕ್ಕೆ ಬಂದರೆ ತೋಟಗಳ ನಡುವೆ ಸಿಗುವ ಸಣ್ಣ ಊರು ನಮ್ಮದು. ಅಲ್ಲಿ ಅಪ್ಪನ ಕನ್ನಡಕ್ಕೆ ಬಹಳ ಮರ್ಯಾದೆಯಿತ್ತು. ಯಾರ ಮನೆಯ ಲಗ್ನಪತ್ರಿಕೆಯಾದರೂ ಅಚ್ಚಿಗೆ ಹೋಗುವ ಮುಂಚೆ ನಮ್ಮ ಜಗಲಿಗೆ ಬರುತ್ತಿತ್ತು. ಅಪ್ಪ ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡು, ಬಿಟ್ಟುಹೋದ ಒತ್ತಕ್ಷರಗಳನ್ನೆಲ್ಲ ತಿದ್ದಿ ಕೊಡುತ್ತಿದ್ದ. ನಮ್ಮ ಕಡೆಯ ಮಕ್ಕಳ ಬಾಯಿಗೆ ಹಕಾರ ಸುಲಭಕ್ಕೆ ಸಿಕ್ಕುವುದಿಲ್ಲ. ಹಾಲು ಆಲಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ. ಒಂದನೇ ಕ್ಲಾಸಿಗೆ ಬಂದ ಪ್ರತಿ ಮಗುವಿನ ಅಂಗೈಯನ್ನೂ ಅದರ ಬಾಯಿಯ ಮುಂದೆ ಹಿಡಿಸಿ, "ಉಸಿರು ಕೈಗೆ ತಾಗಿದ್ರೆ ಹ, ತಾಗದಿದ್ರೆ ಅ" ಎಂದು ಅವನು ಹೇಳಿಕೊಡುತ್ತಿದ್ದ. ಇಡೀ ಕ್ಲಾಸು ಹ ಹ ಹ ಎಂದು ಕೈಗೆ ಊದಿಕೊಳ್ಳುವುದು ರಸ್ತೆಗೆ ಕೇಳುತ್ತಿತ್ತು. ಯಾರೂ ನಾಚುತ್ತಿರಲಿಲ್ಲ. ನಾನೂ ಹಾಗೇ ಕಲಿತೆ. ಮನೆಯಲ್ಲಿ ಅಪ್ಪ ಅಂದರೂ ಶಾಲೆಯಲ್ಲಿ ನಾನೂ ಅವನನ್ನು ಸಾ ಎಂದೇ ಕರೆಯಬೇಕಿತ್ತು.

ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಕಲಿಸಬೇಕು ಎಂದು ಮೇಲಿನಿಂದ ಆದೇಶ ಬಂದದ್ದು ಆ ಹೊತ್ತಿನಲ್ಲೇ. ಅಪ್ಪ ಇಂಗ್ಲಿಷನ್ನು ಹೈಸ್ಕೂಲಿನಲ್ಲಿ ಉರುಹೊಡೆದು ಪಾಸಾದವನು. ಬಾಯಿ ಬಿಟ್ಟು ಒಂದು ವಾಕ್ಯ ಆಡಿದವನಲ್ಲ. ಕೆಲವು ದಿನ ತರಬೇತಿಗೆ ಕರೆದರು. ಅಲ್ಲಿ ಹಾಡು ಹೇಳಿಸಿ, ಚಪ್ಪಾಳೆ ತಟ್ಟಿಸಿ, ಕೈಗೊಂದು ಕೈಪಿಡಿ ಕೊಟ್ಟು ಕಳಿಸಿದರು. ಜೊತೆಗಿದ್ದ ಇನ್ನೊಬ್ಬ ಟೀಚರಿಗೆ ವರ್ಗವಾಗಿ ಅಪ್ಪ ಶಾಲೆಗೆ ಒಬ್ಬನೇ ಉಳಿದ. ಅದೇ ಜೂನ್‌ನಲ್ಲಿ ತಿಪಟೂರಿನ ಒಂದು ಕಾನ್ವೆಂಟಿನ ಹಳದಿ ವ್ಯಾನು ನಮ್ಮೂರ ಅರಳಿಕಟ್ಟೆಯ ತನಕ ಬರಲು ಶುರುವಾಯಿತು. ಮೊದಲು ಹತ್ತಿದವನು ಕೊಬ್ಬರಿ ವ್ಯಾಪಾರಿ ರುದ್ರಣ್ಣನ ಮಗ. ರುದ್ರಣ್ಣ ನಮ್ಮ ಶಾಲೆಯ ಸಮಿತಿಗೆ ಅಧ್ಯಕ್ಷ. ತಪ್ಪಿತಸ್ಥನ ಹಾಗೆ ಜಗಲಿಗೆ ಬಂದು ಕೂತು ಹೇಳಿದ.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ನಿಮ್ ಪಾಠಕ್ಕೆ ಹೆಸರಿಕ್ಕಂಗಿಲ್ಲ. ಆದ್ರೆ ಇಂಗ್ಲಿಷು ಬೇಕಲ್ಲ ಈಗಿನ ಕಾಲ್ದಾಗೆ."

"ನಾನೂ ಕಲಿಸ್ತೀನಿ ರುದ್ರಣ್ಣ. ಒಂದು ವರ್ಷ ನೋಡಿ."

"ನೋಡಾಣ ಬುಡಿ," ಅಂದ ರುದ್ರಣ್ಣ. ಮಗ ಮಾತ್ರ ವ್ಯಾನು ಹತ್ತುವುದನ್ನು ನಿಲ್ಲಿಸಲಿಲ್ಲ.

ಆ ವರ್ಷ ನಮ್ಮ ಮನೆಯ ಗೋಡೆ, ಬಾಗಿಲು, ಹಿಟ್ಟಿನ ಡಬ್ಬ ಎಲ್ಲದರ ಮೇಲೂ ಸೀಮೆಸುಣ್ಣದ ಅಕ್ಷರಗಳು ಹತ್ತಿದವು. ಒಂದೊಂದು ಪದ ಬರೆದಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅಪ್ಪನನ್ನು ಕಾಡಿದ್ದು ಅವಳಿಜವಳಿ ಪದಗಳು. ಲೂಜ್ ಅಂದರೆ ಕಳೆದುಕೊಳ್ಳುವುದು, ಲೂಸ್ ಅಂದರೆ ಸಡಿಲ, ಬರೆಯುವಾಗ ಎರಡನೆಯದಕ್ಕೆ ಒಂದೇ ಒಂದು ಸೊನ್ನೆಯಂಥ ಅಕ್ಷರ ಹೆಚ್ಚು. ಲೇಟ್ ಅಂದರೆ ತಡವಾಗಿ, ಲೇಟ್ಲಿ ಅಂದರೆ ಇತ್ತೀಚೆಗೆ. ನನಗೆ ಬೇಜಾರಾಗಿದ್ದರೆ ಬೋರ್ಡ್, ನಾನೇ ಬೇಜಾರು ಹುಟ್ಟಿಸುವವನಾದರೆ ಬೋರಿಂಗ್. ಒಂದು ಸಂಜೆ ಅಡುಗೆಮನೆಯ ಬಾಗಿಲಿನ ಮುಂದೆ ನಿಂತು ಲೂಸ್, ಲೂಜ್ ಎಂದು ಅವನು ಹೇಳಿ, ನನ್ನಿಂದಲೂ ಹೇಳಿಸುತ್ತಿದ್ದಾಗ ಅಜ್ಜಿ, "ಯಾರ್ಲಾ ಅದು ಲೂಸು?" ಎಂದು ಕೇಳಿದ್ದಕ್ಕೆ ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕ. ಅವನು ಆ ವರ್ಷ ಮನಸಾರೆ ನಕ್ಕ ಇನ್ನೊಂದು ನೆನಪು ನನಗಿಲ್ಲ. ದಿನ ಕಳೆದಂತೆ ಅವನ ಮುಖ ಬಿಗಿಯುತ್ತ ಹೋಯಿತು. ನೆನ್ನೆ ಬಂದ ಪದ ಇವತ್ತು ಬಾಯಿಗೆ ಬರುತ್ತಿರಲಿಲ್ಲ. ಒಂದನ್ನು ನೆನಪಿಟ್ಟರೆ ಅದರ ಜೋಡಿ ಅದನ್ನು ನುಂಗಿಹಾಕುತ್ತಿತ್ತು. ಸ್ನಾನದ ಮನೆಯ ಒಲೆಗೆ ತೆಂಗಿನ ಮಟ್ಟೆ ತುರುಕುತ್ತ ಕೂತಿರುವಾಗಲೂ ಅವನ ತುಟಿ ಆಡುತ್ತಲೇ ಇರುತ್ತಿತ್ತು. ಊಟಕ್ಕೆ ಮುಂಚೆ ಲಿಂಗಪೂಜೆಗೆ ಕೂತವನು ಎಡಗೈಯ ಮೇಲಿನ ಲಿಂಗವನ್ನು ನೋಡುತ್ತ ಹಾಗೇ ಉಳಿದುಬಿಡುತ್ತಿದ್ದ. ಮುದ್ದೆ ಆರುತ್ತಿತ್ತು. ಅಮ್ಮ ಕರೆಯಲು ಹೆದರಿ ಬಾಗಿಲಲ್ಲೇ ನಿಂತಿರುತ್ತಿದ್ದಳು.

ವರ್ಷದ ಕೊನೆಗೆ ಪೋಷಕರ ಸಭೆ ಕರೆದರು. ಇನ್ನೂ ಮಕ್ಕಳು ಬಿಟ್ಟುಹೋದರೆ ಶಾಲೆ ಮುಚ್ಚುತ್ತಾರೆ ಎಂಬ ಮಾತು ಆಗಲೇ ಊರಿನಲ್ಲಿತ್ತು. ಅದಕ್ಕೇ ಅಪ್ಪ ಆ ಸಭೆಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ತೀರ್ಮಾನಿಸಿದ. ತನಗೂ ಬರುತ್ತದೆ ಎಂದು ಊರಿಗೆ ತೋರಿಸದೆ ಬೇರೆ ದಾರಿಯಿಲ್ಲ ಅನ್ನಿಸಿತ್ತು ಅವನಿಗೆ. ಎಷ್ಟೋ ದಿನ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ನನ್ನನ್ನು ಎದುರಿಗೆ ಕೂರಿಸಿಕೊಂಡು ಒಪ್ಪಿಸಿದ. ಆ ದಿನ ಹೊಂಗೆಮರದ ಕೆಳಗೆ ಬೆಂಚು ಹಾಕಿದ್ದೆವು. ಒಬ್ಬ ಅಧಿಕಾರಿ ಬಂದಿದ್ದರು. ರುದ್ರಣ್ಣನ ನೆಂಟರೆಂದು ಕಾನ್ವೆಂಟಿನ ಯಜಮಾನರನ್ನೂ ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿ ಎದ್ದು ನಿಂತ. ಮೊದಲ ವಾಕ್ಯಗಳು ಚೆನ್ನಾಗಿಯೇ ಬಂದವು. ಹೆಂಗಸರು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಮ್ಮನ ಮುಖ ಅರಳಿತ್ತು. ಕೊನೆಯಲ್ಲಿ ಅಪ್ಪ ಎದೆಯ ಮೇಲೆ ಕೈಯಿಟ್ಟು ಹೇಳಿದ.

"ಐ ವರ್ಕ್ ವೆರಿ ಹಾರ್ಡ್ಲಿ ಫಾರ್ ಯುವರ್ ಚಿಲ್ಡ್ರನ್. ಆಲ್ ಮೈ ಲೈಫ್, ಐ ವರ್ಕ್ ಹಾರ್ಡ್ಲಿ."

ಕಾನ್ವೆಂಟಿನವರು ಕರ್ಚೀಪು ತೆಗೆದು ಬಾಯಿಗೆ ಹಿಡಿದರು. ಅಧಿಕಾರಿಯೂ ತಡೆಯಲಾರದೆ ನಕ್ಕುಬಿಟ್ಟರು. ಯಾಕೆಂದು ತಿಳಿಯದೆ ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕಾನ್ವೆಂಟಿನವರು ಎದ್ದು, ನಗುನಗುತ್ತಲೇ ಕನ್ನಡದಲ್ಲಿ ಬಿಡಿಸಿ ಹೇಳಿದರು.

"ತಪ್ಪು ತಿಳೀಬೇಡಿ. ಮೇಷ್ಟ್ರು ಬಹಳ ಸತ್ಯವಂತರು. ಜೀವಮಾನದಲ್ಲಿ ನಾನು ಕೆಲಸ ಮಾಡಿದ್ದೇ ಇಲ್ಲ ಅನ್ನೋಷ್ಟು ಕಡಿಮೆ ಅಂತ ಒಪ್ಪಿಕೊಂಡ್ರು."

ಹೊಂಗೆಮರದ ಕೆಳಗೆ ನಗು ಹಬ್ಬಿತು. ಕೆಟ್ಟ ಮನಸ್ಸಿನ ನಗುವೇನಲ್ಲ. ದೊಡ್ಡವರು ನಕ್ಕರೆಂದು ನಕ್ಕರು, ಅಷ್ಟೇ. ಅಪ್ಪನೂ ನಗುವುದಕ್ಕೆ ನೋಡಿದ. ತುಟಿ ಅಗಲವಾಯಿತು, ಅಲ್ಲೇ ನಿಂತಿತು. ಎದೆಯ ಮೇಲಿಟ್ಟಿದ್ದ ಕೈಯನ್ನು ಇಳಿಸಲು ಅವನಿಗೆ ಮರೆತೇ ಹೋಗಿತ್ತು.

ಮನೆಗೆ ಬಂದವನೇ ಅಂಗಿಯನ್ನೂ ಬಿಚ್ಚದೆ ನಿಘಂಟು ತೆಗೆದು ನೋಡಿದ. ಮತ್ತೆ ಕೈಪಿಡಿ ತೆಗೆದ. ನಿಯಮ ಅಲ್ಲೇ ಇತ್ತು. ಅದನ್ನು ಅಮ್ಮನಿಗೆ ತೋರಿಸಲು ಹೋದ. ಅವಳು ಓದಿದ್ದು ಏಳನೇ ಕ್ಲಾಸು. ಅವಳಿಗೆ ಏನು ತಿಳಿಯಬೇಕು? ಆದರೂ ಅವನಿಗೆ ಯಾರಿಗಾದರೂ ತೋರಿಸಲೇಬೇಕಿತ್ತು.

"ನೋಡೇ ಇಲ್ಲಿ. ಸ್ಲೋ ಅನ್ನೋದು ಸ್ಲೋಲಿ ಆಗ್ತದೆ. ಕ್ವಿಕ್ ಅನ್ನೋದು ಕ್ವಿಕ್ಲಿ ಆಗ್ತದೆ. ಹಾರ್ಡ್ ಅನ್ನೋದು ಮಾತ್ರ ಹಾರ್ಡ್ ಆಗೇ ಇರಬೇಕಂತೆ. ಲಿ ಹಚ್ಚಿದ್ರೆ ಅರ್ಥವೇ ತಿರುಗಾಮುರುಗ ಅಂತೆ. ನಾನು ನಿಯಮದ ಪ್ರಕಾರವೇ ಹೇಳ್ದೆ ಕಣೇ."

"ಹೋಗ್ಲಿ ಬುಡಿ. ಯಾರು ನೆನಪಿಟ್ಕತಾರೆ?"

ಊರು ನೆನಪಿಟ್ಟುಕೊಂಡಿತು. ಮಾರನೆಯ ವಾರದಲ್ಲೇ ವ್ಯಾನಿನ ಕಿಟಕಿಯಿಂದ ಮಕ್ಕಳು ಹಾರ್ಡ್ಲೀ ಎಂದು ಕೂಗಿಕೊಂಡು ಹೋದವು. ಆಮೇಲೆ ಕಾಯಿ ಸುಲಿಯುವವರು, ಹಾಲಿನ ಡೈರಿಗೆ ಬರುವವರು, ಯಾವ ದುರುದ್ದೇಶವೂ ಇಲ್ಲದೆ, ಹಾರ್ಡ್ಲಿ ಮೇಷ್ಟ್ರು ಅನ್ನತೊಡಗಿದರು. ನನ್ನ ಹೆಸರು ಗಿರಿಜ. ಅದು ಅಳಿಸಿಹೋಗಿ ನಾನು ಹಾರ್ಡ್ಲಿ ಮೇಷ್ಟ್ರ ಮಗಳಾದೆ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆದರೆ ಬೆಂಚುಗಳು ಖಾಲಿ. ಒಂದೊಂದೇ ಮನೆಯವರು ಬಂದು ಟೀಸಿ ಕೇಳಿದರು. ಅಪ್ಪ ಬರೆದುಕೊಟ್ಟ. ಆದರೆ ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಬೇರೆ. ಒಂದು ದಿನ ಕನ್ನಡ ಪಾಠದಲ್ಲಿ ಬೋರ್ಡಿನ ಮೇಲೆ "ವಿಧ್ಯಾರ್ಥಿ" ಎಂದು ಬರೆದು ಅಪ್ಪ ನಿಂತುಬಿಟ್ಟ. ಅಳಿಸಿದ. ಸರಿಯಾಗಿ "ವಿದ್ಯಾರ್ಥಿ" ಎಂದು ಬರೆದ. ಅದನ್ನೇ ನೋಡುತ್ತ ನಿಂತು ಅದನ್ನೂ ಅಳಿಸಿದ. ಸೀಮೆಸುಣ್ಣ ಹಿಡಿದ ಕೈ ಬೋರ್ಡಿನಿಂದ ಒಂದು ಗೇಣು ದೂರದಲ್ಲೇ ನಿಂತಿತ್ತು. ಊರಿಗೆಲ್ಲ ಲಗ್ನಪತ್ರಿಕೆ ತಿದ್ದಿಕೊಟ್ಟವನಿಗೆ ದ ಯಾವುದು ಧ ಯಾವುದು ಎಂದು ಗೊತ್ತಾಗಲಿಲ್ಲ. ಇಂಗ್ಲಿಷಿನ ಹೆದರಿಕೆ ಕನ್ನಡದೊಳಕ್ಕೂ ಇಳಿದಿತ್ತು. ಆಮೇಲೆ ಯಾರಾದರೂ ಪತ್ರಿಕೆ ತಿದ್ದಿಸಲು ಬಂದರೆ ಕಣ್ಣುನೋವೆಂದು ವಾಪಸು ಕಳಿಸುತ್ತಿದ್ದ.

ಶಾಲೆಯಲ್ಲಿ ನಾನೂ ತೋಟದ ಕೆಲಸಕ್ಕೆ ಬಂದಿದ್ದವರ ಮಕ್ಕಳಿಬ್ಬರೂ ಮಾತ್ರ ಉಳಿದೆವು. ಮನೆಯಲ್ಲಿ ಜಗಳ ಶುರುವಾಯಿತು. ಅಮ್ಮ ರೊಟ್ಟಿ ತಟ್ಟುತ್ತಲೇ ಮಾತು ತೆಗೆಯುತ್ತಿದ್ದಳು. ರೊಟ್ಟಿ ತಟ್ಟುವ ಸದ್ದು ಜೋರಾಗುತ್ತ ಹೋದರೆ ನಾನೂ ಅಜ್ಜಿಯೂ ಹಿತ್ತಲಿಗೆ ಹೋಗಿಬಿಡುತ್ತಿದ್ದೆವು. ಅಲ್ಲಿಗೂ ಎಲ್ಲ ಕೇಳುತ್ತಿತ್ತು.

"ಊರಿನ ಮಕ್ಳೆಲ್ಲ ವ್ಯಾನ್ ಹತ್ತವೆ. ನಮ್ಮದು ಒಂದೇ ಇಲ್ಲಿ ಕೂತು ಏನ್ ಮಾಡ್ಬೇಕ್ರೀ?"

"ಮೇಷ್ಟ್ರ ಮಗಳೇ ಬಿಟ್ಟುಹೋದ್ಳು ಅಂದ್ರೆ ಶಾಲೆಗೆ ನಾನೇ ಬೀಗ ಜಡಿದಂಗೆ ಕಣೇ."

"ನಿಮ್ಮ ಶಾಲೆ ಉಳಿಸೋಕೆ ಅವಳ ಬದುಕು ಹಾಳು ಮಾಡ್ತೀರಾ? ನಿಮ್ಗಾಗಿದ್ದು ಅವಳಿಗೂ ಆಗ್ಬೇಕಾ?"

ನಾವು ಒಳಗೆ ಹೋದಾಗ ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಅಮ್ಮ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಿದ್ದಳು. ಅಪ್ಪ ಗೋಡೆಗೆ ಒರಗಿ, ಬಾಗಿಲಿನ ಮೇಲೆ ತಾನೇ ಬರೆದ ಜೋಡಿಪದಗಳನ್ನು ದಿಟ್ಟಿಸುತ್ತಿದ್ದ. ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಅಪ್ಪನೇ, "ಆಯ್ತು, ಹೋಗಿಬರಾಣ," ಅಂದ. ಅವನ ದನಿ ಸಾವಿನ ಮನೆಗೆ ಹೊರಟವರ ಹಾಗಿತ್ತು.

ಆ ಕಾನ್ವೆಂಟಿನಲ್ಲಿ ಮಕ್ಕಳ ಜೊತೆಗೆ ತಂದೆತಾಯಿಗೂ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆಂದು ಅಪ್ಪನಿಗೆ ಗೊತ್ತಿತ್ತು. ಮೂರೂ ಜನ ಕಿಬ್ಬನಹಳ್ಳಿಯಲ್ಲಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಕಂಬಿ ಹಿಡಿದು ತುಟಿ ಆಡಿಸುತ್ತಿದ್ದ. ಅಮ್ಮ ಮದುವೆಯ ಸೀರೆ ಉಟ್ಟಿದ್ದಳು. ಟೈಲ್ಸ್ ಹಾಕಿದ ತಣ್ಣನೆಯ ಕೋಣೆಯಲ್ಲಿ ಟೇಬಲ್ಲಿನ ಆಚೆ ಅದೇ ಯಜಮಾನರು ಕೂತಿದ್ದರು. ಅಪ್ಪನ ಗುರುತು ಸಿಕ್ಕಿ ಅವರ ಮುಖದಲ್ಲಿ ಒಂದು ನಗು ಬಂದುಹೋಯಿತು. ನನ್ನ ಹೆಸರು ಕೇಳಿದರು, ಬಣ್ಣಗಳ ಹೆಸರು ಹೇಳಿಸಿದರು. ನಾನು ಹೇಳಿದೆ. ಆಮೇಲೆ ಅಪ್ಪನ ಕಡೆ ತಿರುಗಿ, ನಿಮ್ಮ ಮಗಳನ್ನು ಇಲ್ಲಿಗೆ ಯಾಕೆ ಸೇರಿಸಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮೈ ಡಾಟರ್ ಈಸ್," ಎಂದು ಅಪ್ಪ ಶುರುಮಾಡಿದ. "ಮೈ ಡಾಟರ್ ಈಸ್ ವೆರಿ…"

ಅಲ್ಲಿಗೆ ನಿಂತ. ಮುಂದೆ ಇಂಟರೆಸ್ಟೆಡ್ ಅನ್ನಬೇಕೋ ಇಂಟರೆಸ್ಟಿಂಗ್ ಅನ್ನಬೇಕೋ ಎಂದು ಅವನು ತೊಳಲಾಡುತ್ತಿದ್ದಾನೆ ಎಂಬುದು ನನಗೆ ತಿಳಿಯಿತು. ಒಂದಕ್ಕೆ ತುಟಿ ತೆರೆಯುತ್ತಿತ್ತು, ಇನ್ನೊಂದು ನೆನಪಾಗಿ ಮುಚ್ಚುತ್ತಿತ್ತು. ಫ್ಯಾನಿನ ಕೆಳಗೆ ಕೂತಿದ್ದರೂ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ತನಕ ಇಳಿದಿತ್ತು. ದೇವರೇ, ಯಾವುದಾದರೂ ಒಂದು ಹೇಳಿಬಿಡಲಿ ಎಂದು ನಾನು ಲಂಗ ಹಿಂಡುತ್ತ ಕೂತಿದ್ದೆ. ಯಜಮಾನರು ಕುರ್ಚಿಗೆ ಒರಗಿ ಹೇಳಿದರು.

"ಟೇಕ್ ಯುವರ್ ಟೈಮ್, ಹಾರ್ಡ್ಲಿ ಮೇಷ್ಟ್ರೇ."

ತಮಾಷೆಗೆ ಅಂದದ್ದಿರಬಹುದು. ಆದರೆ ಅಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ನನ್ನನ್ನು ಇಲ್ಲಿ ಸೇರಿಸಲೆಂದು ಅಪ್ಪನ ಜೊತೆ ತಿಂಗಳುಗಟ್ಟಲೆ ಕಾದಾಡಿದವಳು ಅವಳು.

"ಸ್ವಾಮಿ, ನಿಮ್ ಇಂಗ್ಲಿಷ್ ನಂಗೆ ಬರಕಿಲ್ಲ. ಅದೊಂದು ಪದ ಮಾತ್ರ ಚೆನ್ನಾಗಿ ಬತ್ತದೆ. ನಮ್ಮೂರ ಬೀದೀಲಿ ಚಿಳ್ಳೆಪಿಳ್ಳೆಗಳು ಅದನ್ನ ಕೂಗ್ತವೆ. ಅವಕ್ಕೆ ಬುದ್ಧಿಯಿಲ್ಲ, ಕೂಗ್ಲಿ ಅಂತ ಸುಮ್ಕಿದ್ದೆ. ಸ್ಕೂಲ್ ನಡ್ಸೋರೂ ಅದ್ನೇ ಕೂಗೋದಾದ್ರೆ ನನ್ ಮಗಳು ಇಲ್ಲಿ ಏನ್ ಕಲೀಬೇಕು? ಏಳ್ರೀ, ಹೋಗಾಣ."

ಅಪ್ಪ ಏಳಲಿಲ್ಲ. ಅವನಿಗೆ ಏಳಲು ಆಗುತ್ತಿರಲಿಲ್ಲ. ಅಮ್ಮ ಅವನ ತೋಳಿಗೆ ಕೈ ಕೊಟ್ಟು ಎಬ್ಬಿಸಿದಳು. ನಾಲ್ಕು ಜನರೆದುರು ಅವಳು ಅಪ್ಪನ ಮೈ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಿಪಟೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆವು. ನಮ್ಮ ಬಸ್ಸು ಒಂದು ಬಂದು ಹೋಯಿತು. ಯಾರೂ ಏಳಲಿಲ್ಲ. ಅಮ್ಮ ನನಗೊಂದು ಬನ್ನು ಕೊಡಿಸಿದಳು. ನಾನು ಅದನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡೆ. ಅಪ್ಪ ತನ್ನ ಚಪ್ಪಲಿಗಳನ್ನೇ ನೋಡುತ್ತ ಕೂತಿದ್ದವನು ಸಣ್ಣ ದನಿಯಲ್ಲಿ ಹೇಳಿದ.

"ಇಂಟರೆಸ್ಟೆಡ್ ಅನ್ನೋದೇ ಸರಿ ಕಣೇ. ನಂಗೆ ಗೊತ್ತಿತ್ತು. ಬಾಯಿ ತನಕ ಬಂದಿತ್ತು."

"ಗೊತ್ತಿತ್ತು ಅಂತ ನಂಗೊತ್ತು ಬುಡ್ರಿ," ಅಂದಳು ಅಮ್ಮ.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಕುಲುಕುತ್ತಿದ್ದವು. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, ಮೈ ಹುಷಾರಿಲ್ವೇನಮ್ಮ ನಿಮ್ಮೆಜಮಾನ್ರಿಗೆ ಎಂದು ಕೇಳಿದಳು. ಅಮ್ಮ ಹೂಂ ಅಂದಳು.

ನಮ್ಮೂರ ಶಾಲೆ ಆ ವರ್ಷ ಮುಗಿಯುವ ಮುಂಚೆಯೇ ಮುಚ್ಚಿತು. ನಾವು ಮೂರು ಮಕ್ಕಳು ಬೆಂಚುಗಳನ್ನು ಒಳಗಿಡಲು ಅಪ್ಪನ ಜೊತೆ ಕೈಜೋಡಿಸಿದೆವು. ಅವನನ್ನು ಹಾಲ್ಕುರಿಕೆ ಹತ್ತಿರದ ಒಂದು ದೊಡ್ಡ ಶಾಲೆಗೆ ಹಾಕಿದರು. ನನ್ನನ್ನೂ ಅಲ್ಲಿಗೇ ಸೇರಿಸಿ, ದಿನಾ ತನ್ನ ಟೀವಿಎಸ್ಸಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಗಾಳಿಯಲ್ಲಿ ಅವನ ಅಂಗಿ ಉಬ್ಬುತ್ತಿತ್ತು. ನಾನು ಅದನ್ನು ಹಿಡಿದು ಕೂತಿರುತ್ತಿದ್ದೆ. ಹಾರ್ಡ್ಲಿ ಅನ್ನುವುದು ಈ ಊರಿಗೂ ಯಾವತ್ತು ಬಂದು ತಲುಪುತ್ತದೋ ಎಂಬ ಹೆದರಿಕೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ದೊಡ್ಡವರ ಎದುರು ಅಪ್ಪ ಮತ್ತೆಂದೂ ಇಂಗ್ಲಿಷ್ ಮಾತಾಡಲಿಲ್ಲ. ಈಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ನನ್ನ ಜೊತೆಯೂ ಆಡುವುದಿಲ್ಲ. ಆದರೆ ಆ ಹೊಸ ಶಾಲೆಯಲ್ಲಿ ನಾನಿದ್ದ ಐದನೇ ಕ್ಲಾಸಿನ ಇಂಗ್ಲಿಷನ್ನು ಅವನಿಗೇ ಕೊಟ್ಟಿದ್ದರು.

ಮೊದಲನೇ ದಿನ ಅವನು ಪಾಠ ಓದಿ ಅರ್ಥ ಹೇಳುತ್ತಿದ್ದ. ದನಿ ಕೊನೆಯ ಬೆಂಚಿಗೆ ಕೇಳುತ್ತಿರಲಿಲ್ಲ. ಮುಂದಿನ ಸಾಲಿನಿಂದ ಜಡೆಗೆ ಕನಕಾಂಬರ ಮುಡಿದಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾ, ಬಿಸೈಡ್ ಬೇರೆ, ಬಿಸೈಡ್ಸ್ ಬೇರೆನಾ? ಎಲ್ಡೂ ಒಂದೇನಾ?"

ಅಪ್ಪ ಪುಸ್ತಕದಿಂದ ತಲೆ ಎತ್ತಿದ. ಅವನ ತುಟಿ ಒಂದು ಸಲ ತೆರೆದು ಮುಚ್ಚಿತು. ನಾನು ಬೆಂಚಿನ ಅಂಚು ಬಿಗಿಯಾಗಿ ಹಿಡಿದೆ. ಇಲ್ಲಿಗೂ ಬಂತು, ಇನ್ನು ಎಲ್ಲಿಗೆ ಹೋಗುವುದು ಅನ್ನಿಸಿ ಕಣ್ಣು ಮುಚ್ಚಿಕೊಂಡೆ.

"ಗೊತ್ತಿಲ್ಲ ಕಣಮ್ಮ," ಅಂದ ಅಪ್ಪ. "ನೋಡ್ಕೊಂಡ್ ಬಂದು ನಾಳೆ ಹೇಳ್ತೀನಿ."

ಮೇಷ್ಟ್ರೊಬ್ಬರು ಗೊತ್ತಿಲ್ಲ ಎಂದದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ನಗು ಬರುತ್ತದೆಂದು ಕಾದೆ. ಹುಡುಗಿ, "ಸರಿ ಸಾ," ಎಂದು ಲಂಗ ಸರಿಮಾಡಿಕೊಂಡು ಕೂತಳು. ಹಿಂದೆ ಯಾರೋ ಕೆಮ್ಮಿದರು. ನನ್ನ ಪಕ್ಕದವಳು ಪೆನ್ಸಿಲು ಚೂಪು ಮಾಡುತ್ತಿದ್ದವಳು ಮಾಡುತ್ತಲೇ ಇದ್ದಳು. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಕೇಳಿದ. ಇಡೀ ಕ್ಲಾಸು ಒಟ್ಟಿಗೆ ಸಾಲು ತೋರಿಸಿತು. ಅವನು ಅಲ್ಲಿಂದ ಮುಂದಕ್ಕೆ ಓದಿದ. ಈ ಸಲ ಕೊನೆಯ ಬೆಂಚಿನಲ್ಲಿದ್ದ ನನಗೂ ಕೇಳಿತು.